ಮುಖ ತೋರಿಸದ ಯೇಸು: ‘ಬೆನ್-ಹರ್’ ನೋಡುತ್ತಾ ಸತ್ಯವೇದ ಓದಿದ ನನ್ನ ಅನುಭವ

ನಮ್ಮ ಸಭೆಯ ಯೌವನಸ್ಥರ ಕೂಟದಲ್ಲಿ ನಾನು ಸತ್ಯವೇದ (ಬೈಬಲ್) ಪಾಠ ನಡೆಸುತ್ತೇನೆ. ಅಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದಿದೆ. ದೇವರು ಜೊತೆಗಿದ್ದಾನೆ ಅಂತೀರಿ, ಹಾಗಾದರೆ ಯಾಕೆ ಕಾಣಿಸುವುದಿಲ್ಲ? ಯಾರೂ ಇದನ್ನು ಸುಮ್ನೆ ವಾದಕ್ಕೆ ಕೇಳುವುದಿಲ್ಲ. ಒಬ್ಬರ ಮನೆಯಲ್ಲಿ ಕಾಯಿಲೆ, ಇನ್ನೊಬ್ಬರಿಗೆ ಕೆಲಸವಿಲ್ಲ. ಪ್ರಾರ್ಥನೆ ಮಾಡಿ ಮಾಡಿ ದಣಿದವರು ಅವರು. ಒಂದು ವಚನ ಹೇಳಿ ಕಳಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಎಲ್ಲರೂ ಕೂತು 1959ರ ‘ಬೆನ್-ಹರ್’ ನೋಡೋಣ ಅಂದೆ.

ಈ ಸಿನಿಮಾದಲ್ಲಿ ಯೇಸು ಸ್ವಾಮಿ ಇದ್ದಾರೆ, ಆದರೆ ಅವರ ಮುಖ ನಮಗೆ ಒಮ್ಮೆಯೂ ಕಾಣುವುದಿಲ್ಲ. ದನಿಯೂ ಕೇಳುವುದಿಲ್ಲ. ಆ ಪಾತ್ರ ಮಾಡಿದ ಕ್ಲಾಡ್ ಹೀಟರ್ ಒಪೆರಾ ಗಾಯಕ, ಆದರೂ ಅವರಿಗೆ ಒಂದು ಮಾತೂ ಇಲ್ಲ. ಹೀಗೆ ಮರೆಯಲ್ಲಿಡುವುದು ಈ ಕಥೆಗೆ ಮೊದಲಿನಿಂದ ಬಂದ ಪದ್ಧತಿ. ಮೂಲ ಕಾದಂಬರಿ 1880ರದು, ಬರೆದವರು ಲ್ಯೂ ವಾಲೇಸ್. 1899ರಲ್ಲಿ ಅದು ನ್ಯೂಯಾರ್ಕಿನಲ್ಲಿ ನಾಟಕವಾದಾಗ ಯೇಸುವಿನ ಪಾತ್ರವನ್ನು ಯಾವ ನಟನೂ ಮಾಡಕೂಡದು ಎಂದು ಅವರು ಪಟ್ಟು ಹಿಡಿದರು. ರಂಗದ ಮೇಲೆ ಬಂದದ್ದು ಬರೀ ಬೆಳಕು. 1925ರ ಮೂಕಿ ಚಿತ್ರದಲ್ಲಿ ಕೈ, ತೋಳು ಮಾತ್ರ ತೋರಿಸಿದರು.

ಕೂಟಕ್ಕೆ ಮೊದಲು ನಾನೊಬ್ಬನೇ ನೋಟ್‌ಬುಕ್ ಹಿಡಿದು ಕೂತೆ. ಸತ್ಯವೇದವನ್ನು ಬೇಕೆಂದೇ ಮುಚ್ಚಿಟ್ಟಿದ್ದೆ. ವಚನ ಮೊದಲು ಮನಸ್ಸಿನಲ್ಲಿದ್ದರೆ ಸಿನಿಮಾ ನಮಗೆ ಬೇಕಾದದ್ದನ್ನೇ ಹೇಳಿದ ಹಾಗೆ ಅನಿಸುತ್ತದೆ. ರಥದ ನಾಲ್ಕು ಬಿಳಿ ಕುದುರೆಗಳಿಗೂ ಅರ್ಥ ಹುಡುಕಿಕೊಂಡು ಹೋಗುವವರಿದ್ದಾರೆ. ನನಗೆ ಅದು ಬೇಡವಾಗಿತ್ತು. ಯೇಸು ಸ್ವಾಮಿ ಎಲ್ಲಿ ಬರುತ್ತಾರೆ ಅಂತಲೂ ಬರೆದುಕೊಳ್ಳಲಿಲ್ಲ. ಅವರನ್ನು ನೋಡಿದವರಿಗೆ ಏನಾಯಿತು, ಅದನ್ನಷ್ಟೇ ಬರೆದೆ.

ನಜರೇತಿನ ಬಾವಿಯ ದೃಶ್ಯದಲ್ಲಿ ನನ್ನ ಪೆನ್ನು ನಿಂತಿತು. ಮಾಡದ ತಪ್ಪಿಗೆ ಶಿಕ್ಷೆಯಾಗಿ ಕಥಾನಾಯಕ ಜೂಡಾ ಬೆನ್-ಹರ್‌ನನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದಾರೆ. ಮುಂದೆ ಕಾದಿರುವುದು ಹಡಗಿನಲ್ಲಿ ಹುಟ್ಟು ಹಾಕುವ ಗುಲಾಮಗಿರಿ. ಉಳಿದ ಕೈದಿಗಳಿಗೆ ನೀರು ಸಿಗುತ್ತದೆ. ಇವನಿಗೆ ಮಾತ್ರ ಕೊಡಬೇಡಿ ಎನ್ನುತ್ತಾನೆ ರೋಮನ್ ಅಧಿಕಾರಿ. ಜೂಡಾ ನೆಲಕ್ಕೆ ಬಿದ್ದು, ದೇವರೇ ಸಹಾಯ ಮಾಡು ಎನ್ನುತ್ತಾನೆ. ಆಗ ಒಂದು ಕೈ ಬಂದು ಅವನಿಗೆ ನೀರು ಕುಡಿಸುತ್ತದೆ. ಅಧಿಕಾರಿ ಗದರುತ್ತಾ ಬರುತ್ತಾನೆ. ನೀರು ಕೊಟ್ಟವರು ಎದ್ದು ನಿಲ್ಲುತ್ತಾರೆ. ನಮಗೆ ಕಾಣುವುದು ಅವರ ಬೆನ್ನು ಮತ್ತು ಕೂದಲು. ಅವರ ಮುಖ ನೋಡುತ್ತಿರುವವನು ಆ ಅಧಿಕಾರಿ. ಬಾಯಿಗೆ ಬಂದ ಮಾತು ಅಲ್ಲೇ ಉಳಿಯುತ್ತದೆ. ತಡಬಡಿಸುತ್ತಾನೆ, ತಿರುಗುತ್ತಾನೆ, ಮತ್ತೆ ನೋಡುತ್ತಾನೆ, ದೂರ ಸರಿಯುತ್ತಾನೆ.

ಈ ದೃಶ್ಯವನ್ನು ಸೌಂಡ್ ತೆಗೆದು ಮತ್ತೆ ನೋಡಿದೆ. ಸಂಗೀತ ಸಂಯೋಜಕ ಮಿಕ್ಲೋಸ್ ರೋಜಾ ಇಲ್ಲಿ ಆರ್ಗನ್ ಬಳಸಿ ಮನಸ್ಸನ್ನು ಎಳೆದುಬಿಡುತ್ತಾರೆ, ಹಾಗಾಗಿ ಸಂಗೀತ ಇಲ್ಲದೆ ಏನು ಉಳಿಯುತ್ತದೆ ನೋಡಬೇಕಿತ್ತು. ಆ ಅಧಿಕಾರಿಯ ಮುಖ ಪೂರ್ತಿ ಉಳಿಯಿತು. ಆಮೇಲೆ ಸತ್ಯವೇದ ತೆರೆದೆ. ವಿಮೋಚನಕಾಂಡ 33ರಲ್ಲಿ ಮೋಶೆ ದೇವರ ಮಹಿಮೆ ತೋರಿಸು ಅಂತ ಬೇಡುತ್ತಾನೆ. ಮುಖ ನೋಡಿ ಮನುಷ್ಯ ಬದುಕಲಾರ, ನಾನು ದಾಟಿ ಹೋದ ಮೇಲೆ ನೀನು ನನ್ನ ಹಿಂಭಾಗ ನೋಡುವೆ ಎನ್ನುತ್ತಾನೆ ದೇವರು. ಈ ಅಧ್ಯಾಯವನ್ನು ಚಿಕ್ಕಂದಿನಿಂದ ಓದಿದ್ದೇನೆ. ಆ ಬೆನ್ನನ್ನು ತೆರೆಯ ಮೇಲೆ ನೋಡಿದ ಮೇಲೆ ಓದಿದ್ದೇ ಬೇರೆ. ನಮಗೂ ದೇವರು ಸಿಗುವುದು ಜಾಸ್ತಿ ಹೀಗೆಯೇ, ಅಲ್ವಾ? ದಾಟಿ ಹೋದ ಮೇಲೆ, ಬೇರೆಯವರ ಮುಖದಲ್ಲಿ.

ಸಿನಿಮಾ ಮೂರೂವರೆ ಗಂಟೆಯದು. ಇಂಟರ್ವಲ್‌ವರೆಗೆ ಒಂದು ಸಂಜೆ, ಉಳಿದದ್ದು ಮರುದಿನ ಎಂದು ಹಂಚಿಕೊಂಡೆವು. ಬಾವಿಯ ದೃಶ್ಯದ ನಂತರ ಬಹಳ ಹೊತ್ತು ಯೇಸು ಸ್ವಾಮಿ ಕಾಣುವುದೇ ಇಲ್ಲ. ಈ ಖಾಲಿ ಭಾಗವನ್ನು ಓಡಿಸಬೇಡಿ ಅಂತ ನಾನು ಮೊದಲೇ ಕೇಳಿಕೊಂಡಿದ್ದೆ. ನಾವೆಲ್ಲ ಬದುಕುತ್ತಿರುವುದು ಆ ಭಾಗದಲ್ಲೇ.

ಅಲ್ಲೇ ಒಂದು ಸಣ್ಣ ಘಟನೆ ಇದೆ. ಯುದ್ಧಕ್ಕೆ ಮುಂಚೆ ಹಡಗಿನ ಗುಲಾಮರಿಗೆಲ್ಲ ಸರಪಳಿ ಹಾಕುತ್ತಾರೆ. ಆದರೆ ನಾಯಕ ಕ್ವಿಂಟಸ್ ಆರಿಯಸ್ 41ನೇ ನಂಬರಿನವನ ಸರಪಳಿ ಬಿಚ್ಚಲು ಹೇಳುತ್ತಾನೆ. ಅವನೇ ಜೂಡಾ. ನಿನ್ನ ದೇವರು ನಿನ್ನ ಕೈಬಿಟ್ಟಿದ್ದಾನೆ ಎಂದವನೂ ಇದೇ ಆರಿಯಸ್. ಕೂಟದ ಒಬ್ಬ ಹುಡುಗ ಇಲ್ಲೇ ಸಿನಿಮಾ ನಿಲ್ಲಿಸಲು ಹೇಳಿ, ನಂಬದವನ ಕೈಯಿಂದ ದೇವರು ಕೆಲಸ ಮಾಡಿಸ್ತಾನಾ ಅಣ್ಣ ಅಂತ ಕೇಳಿದ. ಯೆಶಾಯ 45 ಓದಿದೆವು. ತನ್ನನ್ನು ಅರಿಯದ ಕೋರೆಷ ರಾಜನನ್ನು ದೇವರು ಹೆಸರು ಹಿಡಿದು ಕರೆಯುವ ಅಧ್ಯಾಯ ಅದು. ನಾನು ಆ ವಚನವನ್ನು ಪಾಠಕ್ಕೆಂದು ತಂದಿರಲಿಲ್ಲ. ಪ್ರಶ್ನೆಯೇ ಅಲ್ಲಿಗೆ ಕರೆದುಕೊಂಡು ಹೋಯಿತು.

ರಥದ ಓಟಕ್ಕೆ ಎಲ್ಲರೂ ಕಾದಿದ್ದರು, ಎಲ್ಲರಿಗೂ ಇಷ್ಟವಾಯಿತು. ನನ್ನ ಮನಸ್ಸು ಇದ್ದದ್ದು ಗೆದ್ದ ಮೇಲಿನ ಜೂಡಾನ ಮೇಲೆ. ಶತ್ರು ಮೆಸ್ಸಾಲ ಸತ್ತರೂ ಅವನ ಉರಿ ಆರುವುದಿಲ್ಲ. ಅಂದು ಒಬ್ಬ ಕೊಟ್ಟ ನೀರನ್ನು ಮರಳಿಗೆ ಸುರಿದಿದ್ದರೆ ಒಳ್ಳೆಯದಿತ್ತು, ನನಗೆ ಇನ್ನೂ ಬಾಯಾರಿಕೆ ಎನ್ನುತ್ತಾನೆ. ಆ ನೀರು ಕೊಟ್ಟವರು ಪಕ್ಕದ ಬೆಟ್ಟದಲ್ಲೇ ಬೋಧಿಸಲಿದ್ದಾರೆ. ಜೊತೆಗಿದ್ದವರು ಬಂದು ಕೇಳು ಎಂದರೂ ಅವನು ಹೋಗುವುದಿಲ್ಲ. ಇಷ್ಟು ಹತ್ತಿರವಿದ್ದೂ ಗೊತ್ತಿಲ್ಲ. ಯಾಕೋಬನು ಬೇತೇಲಿನಲ್ಲಿ ಎದ್ದು ಹೇಳಿದ್ದೂ ಇದನ್ನೇ: ಕರ್ತನು ಇಲ್ಲೇ ಇದ್ದಾನೆ, ನನಗೆ ತಿಳಿಯಲಿಲ್ಲ.

ಶಿಲುಬೆ ಹೊತ್ತು ಬೀದಿಯಲ್ಲಿ ಬೀಳುವವರನ್ನು ನೋಡಿ ಜೂಡಾಗೆ ಗುರುತು ಸಿಗುತ್ತದೆ. ನೀರು ತೆಗೆದುಕೊಂಡು ಓಡುತ್ತಾನೆ. ಇಲ್ಲೂ ನಮಗೆ ಕಾಣುವುದು ಜೂಡಾನ ಮುಖವೇ. ಮನೆಗೆ ಮರಳಿ ತಾನು ಪ್ರೀತಿಸುವ ಎಸ್ತೇರಳಿಗೆ, ಶಿಲುಬೆಯ ಮೇಲಿದ್ದವರ ದನಿ ನನ್ನ ಕೈಯಿಂದ ಕತ್ತಿಯನ್ನು ತೆಗೆದುಕೊಂಡಿತು ಎನ್ನುತ್ತಾನೆ. ಸಿನಿಮಾದಲ್ಲಿ ದೊಡ್ಡ ಅದ್ಭುತ ಯಾವುದು ಅಂದರೆ ನಾನು ಈ ಮಾತನ್ನೇ ತೋರಿಸುತ್ತೇನೆ. ಮಿಂಚು ಗುಡುಗಿನ ನಡುವೆ ಅವನ ತಾಯಿ, ತಂಗಿಯ ಕುಷ್ಠ ವಾಸಿಯಾಗುವ ದೃಶ್ಯ ಅಷ್ಟು ತಾಗಲಿಲ್ಲ. ದ್ವೇಷ ಬಿಟ್ಟುಹೋದದ್ದು ಅದಕ್ಕಿಂತ ದೊಡ್ಡದು.

ಕೂಟದಲ್ಲಿ ಇದನ್ನು ಎಲ್ಲರೂ ಒಪ್ಪಲಿಲ್ಲ. ವಾಸಿಯಾಗುವುದೂ ಬೇಕು ಅಂದರು ಕೆಲವರು. ಒಬ್ಬಳು, ನಮ್ಮಮ್ಮನಿಗೆ ಯಾಕೆ ವಾಸಿಯಾಗಲಿಲ್ಲ ಅಂದಳು. ಸಿನಿಮಾದಿಂದ ಅವಳಿಗೆ ಉತ್ತರ ಕೊಡುವುದು ಸರಿಯಲ್ಲ ಅನಿಸಿತು. ಕೀರ್ತನೆ 88 ಓದಿದೆವು. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಮೊದಲಿಂದ ಕೊನೆಯವರೆಗೆ ದೇವರೊಡನೆ ಆಡಿದ ಮಾತೇ. ಆ ದಿನ ನಾನು ಬೇರೆ ವಿವರಣೆ ಹೇಳಲಿಲ್ಲ.

ಮುಂದಿನ ಕೂಟಕ್ಕೆ ಸತ್ಯವೇದದ ಎಸ್ತೇರಳ ಪುಸ್ತಕ ಇಟ್ಟುಕೊಂಡಿದ್ದೇವೆ. ಹೀಬ್ರೂ ಮೂಲದಲ್ಲಿ ದೇವರ ಹೆಸರೇ ಬಾರದ ಪುಸ್ತಕ ಅದು. ಹತ್ತೇ ಅಧ್ಯಾಯ, ಮನೆಯಲ್ಲಿ ಒಂದು ಸಲ ಪೂರ್ತಿ ಓದಿಕೊಂಡು ಬನ್ನಿ ಅಂದಿದ್ದೇನೆ. ಯಾರ ಮುಖ ಎಲ್ಲಿ ಬದಲಾಯಿತು ಅಂತ ಬರೆದು ತರಬೇಕು.