ಪ್ರೈಡ್ ಹಬ್ಬದ ವೇದಿಕೆಗೆ ದಾರಿ ಮಾಡಿದ್ದು ಹೀಗೆ

ಪ್ರೈಡ್ ಅಂದರೆ ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ಹಬ್ಬ. ಅದನ್ನು ನಡೆಸಿದ ಮೊದಲ ವರ್ಷ ನಮ್ಮಲ್ಲಿ ರ‍್ಯಾಂಪ್ ಇತ್ತು. ಆದರೂ ಗಾಲಿಕುರ್ಚಿ ಬಳಸುವ ಗೆಳತಿಗೆ ವೇದಿಕೆ ಹತ್ತಲು ಆಗಲಿಲ್ಲ. ಎರಡು ಅಡಿ ಎತ್ತರಕ್ಕೆ ಎಂಟು ಅಡಿಯ ಹಲಗೆ ಒರಗಿಸಿದ್ದೆವು. ನಾಲ್ಕು ಜನ ಕುರ್ಚಿ ಸಮೇತ ಎತ್ತಲು ಹೋದಾಗ, "ಎತ್ತಬೇಡಿ, ದಾರಿ ಮಾಡಿಕೊಡಿ" ಅಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ.

ಮರುವರ್ಷ ಜಾಗ ಗೊತ್ತುಮಾಡುವ ಮುಂಚೆಯೇ ಅವಳನ್ನು ಸಭೆಗೆ ಕರೆದೆವು. ಒಂದಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ನಮಗೆ 24 ಅಡಿ. ಅಷ್ಟು ಜಾಗವಿರಲಿಲ್ಲ, ಹಾಗಾಗಿ ವೇದಿಕೆಯನ್ನೇ ಒಂದಡಿಗೆ ಇಳಿಸಿದೆವು. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ತಗ್ಗಿದ ವೇದಿಕೆ ಹಿಂದೆ ನಿಂತವರಿಗೆ ಕಾಣದೇನೋ ಎಂಬ ಭಯವಿತ್ತು, ಯಾರೂ ದೂರಲಿಲ್ಲ.

ಸನ್ನೆ ಭಾಷೆಯ ಅನುವಾದಕರದ್ದು ಬೇರೆಯೇ ತೊಂದರೆ. ಕತ್ತಲಾದ ಮೇಲೆ ಬಣ್ಣದ ಲೈಟುಗಳು ಮಿನುಗತೊಡಗಿದರೆ ಅವರ ಬೆರಳುಗಳೇ ಕಾಣುತ್ತಿರಲಿಲ್ಲ. ಅವರ ಮೇಲೆ ಅಲುಗದ ಒಂದು ಬಿಳಿ ಲೈಟು ಹಾಕಿಸಿದೆವು. ಇಬ್ಬರನ್ನು ಕರೆಸಿ, ಸುಮಾರು 20 ನಿಮಿಷಕ್ಕೊಮ್ಮೆ ಸರದಿ ಬದಲಿಸಿದೆವು. ಒಬ್ಬರೇ ಆದರೆ ಕೈಯೂ ಸೋಲುತ್ತದೆ, ಗಮನವೂ ಸೋಲುತ್ತದೆ.

ಸ್ಪೀಕರುಗಳಿಂದ ದೂರ ಒಂದು ನಿಶ್ಶಬ್ದ ಡೇರೆ, ನೆಲದ ವೈರುಗಳಿಗೆ ಮುಚ್ಚಳ, ಅಗಲ ಬಾಗಿಲಿನ ಶೌಚಾಲಯ ಇವೂ ಆದವು. ಮೆರವಣಿಗೆಯ ಮುಂಚೂಣಿಯಲ್ಲಿ ಗಾಲಿಕುರ್ಚಿ, ಊರುಗೋಲಿನವರು. ಅವರ ನಡಿಗೆಯೇ ಎಲ್ಲರ ನಡಿಗೆಯಾಯಿತು. ಆ ಸಂಜೆ ಗೆಳತಿ ತಾನೇ ಚಕ್ರ ತಿರುಗಿಸಿಕೊಂಡು ಮೈಕಿನ ಮುಂದೆ ಹೋದಳು.