ತಾರೀಖು ಆಮೇಲೆ, ಯಾರು ಯಾರಿಗೆ ಕಾಯಬೇಕು ಅನ್ನೋದು ಮೊದಲು

ಕಟ್ಟಡದ ಕೆಲಸ ಶುರುವಾಗುವ ಮುಂಚೆ ಎಲ್ಲರೂ ಕೇಳುವುದು ಒಂದೇ ಮಾತು. ಯಾವಾಗ ಮುಗಿಯುತ್ತದೆ? ಕೇಳಿದ ತಕ್ಷಣ ಒಂದು ತಾರೀಖು ಬಾಯಿಗೆ ಬಂದುಬಿಡುತ್ತದೆ. ಆಮೇಲೆ ಆ ತಾರೀಖಿಗೆ ಸರಿಹೊಂದುವ ಹಾಗೆ ಹಿಂದಿನಿಂದ ಪಟ್ಟಿಗಳನ್ನು ಎಳೆದು, ಬಣ್ಣ ತುಂಬಿ, ಸೈಟ್ ಆಫೀಸಿನ ಗೋಡೆಗೆ ಅಂಟಿಸುತ್ತಾರೆ. ಎರಡು ತಿಂಗಳಾದ ಮೇಲೆ ಆ ಹಾಳೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ನಾನು ಕೆಲಸ ಕಲಿಯುತ್ತಿದ್ದ ಒಂದು ಸೈಟಿನಲ್ಲಿ ಗೋಡೆ ಇನ್ನೂ ಸೊಂಟದ ಎತ್ತರ ಇರುವಾಗಲೇ ನೆಲದ ಟೈಲ್ಸ್ ಬಂದಿಳಿಯಿತು. ಇಡಲು ಜಾಗವಿಲ್ಲ. ಡಬ್ಬಗಳನ್ನು ಮೂರು ಸಲ ಎತ್ತಿ ಬೇರೆ ಕಡೆ ಇಟ್ಟೆವು, ಪ್ರತಿ ಸಲವೂ ಒಂದಷ್ಟು ಒಡೆದವು. ಅದೇ ಸೈಟಿನಲ್ಲಿ ಮುಂದೆ ಕಿಟಕಿ ಚೌಕಟ್ಟು ಬಾರದೆ ಪ್ಲಾಸ್ಟರಿಂಗ್‌ನವರು ಸುಮ್ನೆ ಕೂತರು. ತಮಾಷೆ ಅಂದರೆ ಗೋಡೆ ಮೇಲಿನ ಚಾರ್ಟಿನಲ್ಲಿ ಟೈಲ್ಸೂ ಇತ್ತು, ಕಿಟಕಿಯೂ ಇತ್ತು, ತಾರೀಖು ಸಮೇತ. ಯಾವುದು ಯಾವುದಕ್ಕೆ ಕಾಯುತ್ತಿದೆ ಅನ್ನುವ ಗೆರೆ ಮಾತ್ರ ಇರಲಿಲ್ಲ. ಈ ಲೇಖನವೆಲ್ಲ ಆ ಗೆರೆಯ ಬಗ್ಗೆಯೇ.

ಮೊದಲ ಹೆಜ್ಜೆ: ಕೆಲಸವನ್ನು ಒಡೆಯಿರಿ

ಇಡೀ ಕಟ್ಟಡವನ್ನು ತುಂಡು ಮಾಡಿ ಬರೆಯಬೇಕು. ಎಷ್ಟು ಸಣ್ಣ ತುಂಡು? ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಒಂದೇ ಗ್ಯಾಂಗಿಗೆ ಒಪ್ಪಿಸಬಹುದಾ? ಒಂದೆರಡು ವಾರದಲ್ಲಿ ಮುಗಿಯುತ್ತದಾ? ಮುಗಿಯಿತು ಅನ್ನುವುದು ಹೋಗಿ ನೋಡಿದರೆ ಕಣ್ಣಿಗೆ ಕಾಣುತ್ತದಾ? "ಮೊದಲ ಮಹಡಿ ಕೆಲಸ" ಅಂತ ಬರೆದರೆ ಮೂರಕ್ಕೂ ಇಲ್ಲ ಅನ್ನುವ ಉತ್ತರವೇ. "ಮೊದಲ ಮಹಡಿ ಒಳಗೋಡೆ ಪ್ಲಾಸ್ಟರ್" ಅಂದರೆ ಮೂರಕ್ಕೂ ಹೌದು.

ಈ ಹಂತದಲ್ಲಿ ಜಾಸ್ತಿ ಜನ ಮರೆಯುವುದು ಸೈಟಿನಲ್ಲಿ ಕಾಣದ ಕೆಲಸಗಳನ್ನು. ಡ್ರಾಯಿಂಗ್ ಒಪ್ಪಿಗೆ, ಸಾಮಾನಿನ ಆರ್ಡರ್, ಕಾರ್ಖಾನೆಯಲ್ಲಿ ತಯಾರಿಗೆ ಹಿಡಿಯುವ ಕಾಲ, ತಪಾಸಣೆ, ಕಾಂಕ್ರೀಟ್ ಗಟ್ಟಿಯಾಗಲು ಕಾಯುವ ದಿನಗಳು. ಯಾರೂ ಕೈಯಲ್ಲಿ ಕರಣೆ ಹಿಡಿದಿಲ್ಲ ಅಂದ ಮಾತ್ರಕ್ಕೆ ಕಾಲ ನಿಲ್ಲುವುದಿಲ್ಲವಲ್ಲ. ಲಿಫ್ಟ್, ಜನರೇಟರ್, ಗಾಜಿನ ಹೊರಗೋಡೆ ಇಂಥವು ಆರ್ಡರ್ ಕೊಟ್ಟ ಮೇಲೆ ಬರಲು ತಿಂಗಳುಗಳೇ ಬೇಕು. ಅವನ್ನು ಪಟ್ಟಿಯ ಮೇಲ್ಗಡೆಯೇ ಬರೆದಿಡಿ.

ಎಷ್ಟು ದಿನ ಅಂತ ಹೇಳುವುದು ಹೇಗೆ

ಊಹೆ ಬೇಡ, ಭಾಗಾಕಾರ ಮಾಡಿ. ಪ್ಲಾಸ್ಟರ್ 400 ಚದರ ಮೀಟರ್ ಇದೆ ಅಂದುಕೊಳ್ಳಿ. ಗಾರೆಯವರು ಮತ್ತು ಸಹಾಯಕರ ಒಂದು ಜೋಡಿ ದಿನಕ್ಕೆ 10 ಚದರ ಮೀಟರ್ ಮಾಡುತ್ತದೆ, ನಾಲ್ಕು ಜೋಡಿ ಇದ್ದಾರೆ. ಹಾಗಾದರೆ 10 ದಿನ. ಈ ಲೆಕ್ಕವನ್ನು ಬರೆದೇ ಇಡಿ. ಮುಂದೆ ಮೂರೇ ಜೋಡಿ ಬಂದರೆ 10 ದಿನ ಯಾಕೆ 13 ದಾಟುತ್ತದೆ ಅಂತ ವಾದ ಮಾಡಬೇಕಾಗಿಲ್ಲ, ಹಾಳೆ ತೋರಿಸಿದರೆ ಸಾಕು. ದಿನಕ್ಕೆ 10 ಅನ್ನುವುದು ನನ್ನ ಉದಾಹರಣೆ ಅಷ್ಟೇ. ನಿಮ್ಮ ಅಂಕಿ ನಿಮ್ಮ ಹಿಂದಿನ ಸೈಟಿನ ಡೈರಿಯಲ್ಲಿ ಸಿಗಬೇಕು.

ಕೆಲವು ಕೆಲಸಕ್ಕೆ ಒಂದೇ ಅಂಕಿ ಹೇಳಲು ಆಗುವುದಿಲ್ಲ. ಪಾಯದ ಅಗೆತವನ್ನೇ ನೋಡಿ. ಮಣ್ಣು ಮೆತ್ತಗಿದ್ದರೆ 3 ದಿನ, ಸಾಮಾನ್ಯವಾಗಿ 4, ಬಂಡೆ ಸಿಕ್ಕರೆ ಇಲ್ಲವೇ ಮಳೆ ಹಿಡಿದರೆ 11. ಇದಕ್ಕೆ ಪರ್ಟ್ ಅನ್ನುವ ವಿಧಾನ ಇದೆ. 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಮಾಡಿದ್ದು. ಕಡಿಮೆ ಅಂಕಿ, ಸಾಮಾನ್ಯ ಅಂಕಿಯ ನಾಲ್ಕರಷ್ಟು, ಜಾಸ್ತಿ ಅಂಕಿ, ಮೂರನ್ನೂ ಕೂಡಿಸಿ ಆರರಿಂದ ಭಾಗಿಸಬೇಕು. ಇಲ್ಲಿ 3, 16, 11 ಸೇರಿ 30, ಅಂದರೆ 5 ದಿನ. ನಿಜ ಹೇಳಬೇಕೆಂದರೆ ಆ 5ಕ್ಕಿಂತ ನನಗೆ 11 ಮುಖ್ಯ. ಯಾಕೆ 11 ಅಂದಿರಿ ಅಂತ ಕೇಳಿದಾಗಲೇ ಬಂಡೆಯ ವಿಷಯ ಹೊರಗೆ ಬರುವುದು.

ಇನ್ನೊಂದು ಮಾತು. ಮೇಸ್ತ್ರಿ 10 ದಿನದ ಕೆಲಸಕ್ಕೆ 12 ಅನ್ನುತ್ತಾನೆ, ಎಂಜಿನಿಯರ್ ಅದನ್ನು 14 ಮಾಡುತ್ತಾನೆ, ಮ್ಯಾನೇಜರ್ 16 ಬರೆಯುತ್ತಾನೆ. ಹೀಗೆ ಪ್ರತಿ ಕೆಲಸದೊಳಗೂ ಅಡಗಿಸಿಟ್ಟ ದಿನಗಳು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ 16 ದಿನ ಕೊಟ್ಟರೆ ಕೆಲಸ 16 ದಿನ ಹಿಡಿಯುತ್ತದೆ. ಕೆಲಸಕ್ಕೆ ಬೇಕಾದಷ್ಟೇ ದಿನ ಬರೆದು, ಹೆಚ್ಚುವರಿ ದಿನಗಳನ್ನು ಕೊನೆಯಲ್ಲಿ ಒಟ್ಟಾಗಿ, ಎಲ್ಲರಿಗೂ ಕಾಣುವ ಹಾಗೆ ಇಡುವುದೇ ವಾಸಿ.

ಗೆರೆ ಎಳೆಯುವುದು

ಇದು ಒಬ್ಬರೇ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ ಅಲ್ಲ. ಗಾರೆ, ಕಂಬಿ, ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದಿಡುವ ಅಚ್ಚು), ವೈರಿಂಗ್, ಪ್ಲಂಬಿಂಗ್ ಎಲ್ಲರ ಮೇಸ್ತ್ರಿಗಳನ್ನೂ ಕರೆಸಿ. ಒಂದೊಂದು ಕೆಲಸವನ್ನು ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಕೊನೆಯಿಂದ ಹಿಂದಕ್ಕೆ ಬನ್ನಿ. ಪೇಂಟಿಂಗ್‌ನವರನ್ನು ಕೇಳಿ, ನೀವು ಬ್ರಷ್ ಹಿಡಿಯುವ ಮುಂಚೆ ಏನೇನು ಮುಗಿದಿರಬೇಕು? ಅವರು ಹೇಳಿದ ಕೆಲಸಗಳ ಚೀಟಿಗಳನ್ನು ಅವರ ಚೀಟಿಯ ಎಡಕ್ಕೆ ಅಂಟಿಸಿ, ಅಲ್ಲಿಂದ ಇಲ್ಲಿಗೆ ಗೆರೆ ಎಳೆಯಿರಿ. ಮುಂದಿನಿಂದ ಶುರು ಮಾಡಿದರೆ ಎಲ್ಲರೂ ತಾವು ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಹಿಂದಿನಿಂದ ಬಂದರೆ ತಮಗೆ ಏನು ಬೇಕು ಅಂತ ಹೇಳುತ್ತಾರೆ. ವ್ಯತ್ಯಾಸ ದೊಡ್ಡದು.

ಸಾಮಾನ್ಯವಾಗಿ ಒಂದು ಮುಗಿದ ಮೇಲೆ ಇನ್ನೊಂದು ಶುರು. ಕೆಲವು ಮಾತ್ರ ಬೇರೆ ಥರ. ಉದ್ದದ ಕಾಲುವೆ ಅಗೆಯುವಾಗ ಪೂರ್ತಿ ಅಗೆದಾಗಲಿ ಅಂತ ಯಾರೂ ಕಾಯುವುದಿಲ್ಲ, ಎರಡು ದಿನ ಅಗೆದ ಮೇಲೆ ಹಿಂದಿನಿಂದ ಪೈಪ್ ಇಡುತ್ತಾ ಹೋಗುತ್ತಾರೆ. ಆ ಎರಡು ದಿನವೂ ಗೆರೆಯ ಮೇಲೆ ಬರೆಯಬೇಕು. ಮತ್ತೆ, ನಿಜವಾದ ಗೆರೆ ಯಾವುದು, ಅಭ್ಯಾಸದ ಗೆರೆ ಯಾವುದು ಅಂತ ಬೇರೆ ಮಾಡಿಕೊಳ್ಳಿ. ಗೋಡೆ ಇಲ್ಲದೆ ಪ್ಲಾಸ್ಟರ್ ಇಲ್ಲ, ಅದು ನಿಜವಾದ ಗೆರೆ. ಪೂರ್ವದ ಕೋಣೆ ಆದ ಮೇಲೇ ಪಶ್ಚಿಮದ್ದು ಅನ್ನುವುದು ಅಭ್ಯಾಸ. ಒಂದೇ ಸೆಟ್ ಸೆಂಟ್ರಿಂಗ್ ಶೀಟ್ ಇದೆ ಅಂತ ಕಾಯುವುದು ಸಾಮಾನಿನ ಗೆರೆ, ಇನ್ನೊಂದು ಸೆಟ್ ತಂದರೆ ಅಳಿಸಿಹೋಗುತ್ತದೆ.

ಈಗ ಲೆಕ್ಕ

ಗೋಡೆಗೆ ಅಂಟಿಸುವ ಪಟ್ಟಿ ಚಾರ್ಟಿಗೆ ಗ್ಯಾಂಟ್ ಚಾರ್ಟ್ ಅನ್ನುವ ಹೆಸರು ಬಂದಿದ್ದು ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್‌ನಿಂದ, ಅದು 1910ರ ದಶಕದ್ದು. ಅದರಲ್ಲಿ ಇಲ್ಲದ ಲೆಕ್ಕ 1957ರ ಹೊತ್ತಿಗೆ ಬಂತು. ಡುಪಾಂಟ್ ಕಂಪನಿಯ ಮೋರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಕ್ರಿಟಿಕಲ್ ಪಾತ್ ವಿಧಾನ ಕಟ್ಟಿದರು. ಹೆಸರು ಕೇಳಿ ಹೆದರಬೇಡಿ, ಕೂಡುವುದು ಕಳೆಯುವುದು ಬಂದರೆ ಸಾಕು.

ಒಂದು ಮಹಡಿಯ ಸಣ್ಣ ಕಟ್ಟಡ ತೆಗೆದುಕೊಳ್ಳೋಣ. ಅಗೆತ 4 ದಿನ, ಪಾಯ 10, ಗೋಡೆ 12, ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟಿ ತಾರಸಿಯ ಮೋಲ್ಡ್ ಹಾಕುವುದು 8, ಸೆಂಟ್ರಿಂಗ್ ಬಿಚ್ಚುವವರೆಗೆ ಕಾಯುವುದು 14, ಗೋಡೆ ಕೊರೆದು ವೈರಿಂಗ್ ಪೈಪ್ ಕೂರಿಸುವುದು 5, ಪ್ಲಾಸ್ಟರ್ 10, ಟೈಲ್ಸ್ 7, ಪೇಂಟ್ 8. ಒಂದರ ಹಿಂದೆ ಒಂದು. ಕೂಡಿಸುತ್ತಾ ಹೋಗಿ: 4, 14, 26, 34, 48, 53, 63, 70, 78. ಒಟ್ಟು 78 ದಿನ.

ಪಕ್ಕದಲ್ಲಿ ಇನ್ನೊಂದು ದಾರಿ ಇದೆ. ಕಿಟಕಿ ಚೌಕಟ್ಟು ಆರ್ಡರ್ ಕೊಟ್ಟು ತಯಾರಾಗಿ ಬಂದು ಕೂರಲು 40 ದಿನ ಬೇಕು. ಪ್ಲಾಸ್ಟರ್ ಶುರುವಾಗುವ ಮುಂಚೆ ಅದು ಕೂತಿರಬೇಕು, ಅಂದರೆ 53ನೇ ದಿನದೊಳಗೆ. ಮೊದಲ ದಿನವೇ ಆರ್ಡರ್ ಕೊಟ್ಟರೆ 40ಕ್ಕೆ ಮುಗಿಯುತ್ತದೆ, 13 ದಿನ ಕೈಯಲ್ಲಿ ಉಳಿಯುತ್ತದೆ. ಈ ಉಳಿದ ದಿನಗಳಿಗೆ ಫ್ಲೋಟ್ ಅಂತ ಹೆಸರು. ಪಾಯ, ಗೋಡೆ, ಮೋಲ್ಡ್ ಇವಕ್ಕೆ ಫ್ಲೋಟ್ ಸೊನ್ನೆ, ಅಲ್ಲಿ ಒಂದು ದಿನ ಹೋದರೆ ಕಟ್ಟಡಕ್ಕೇ ಒಂದು ದಿನ ಹೋಯಿತು. ಹೀಗೆ ಸೊನ್ನೆ ಇರುವ ಕೆಲಸಗಳ ಸಾಲೇ ಕ್ರಿಟಿಕಲ್ ಪಾತ್.

ಈಗ ನೋಡಿ. ಚೌಕಟ್ಟಿನ ಅಳತೆ ಆಮೇಲೆ ನೋಡೋಣ ಅಂತ ಆರ್ಡರ್ ಕೊಟ್ಟಿದ್ದು 20ನೇ ದಿನ. ಆ ದಿನ ಸೈಟಿನಲ್ಲಿ ಏನೂ ಕೆಟ್ಟಿಲ್ಲ, ಗೋಡೆ ಜೋರಾಗಿ ಏಳುತ್ತಿದೆ, ಎಲ್ಲರೂ ಖುಷಿಯಲ್ಲಿದ್ದಾರೆ. ಆದರೆ ಚೌಕಟ್ಟು ಕೂರುವುದು 60ಕ್ಕೆ, ಪ್ಲಾಸ್ಟರ್ 7 ದಿನ ತಡ, ಕಟ್ಟಡ 85ಕ್ಕೆ. ತಡ ಆಗಿದ್ದು 20ನೇ ದಿನ, ಕಣ್ಣಿಗೆ ಬಿದ್ದಿದ್ದು 53ನೇ ದಿನ, ಬೈಸಿಕೊಂಡವರು ಪ್ಲಾಸ್ಟರಿಂಗ್‌ನವರು.

ಬೇಗ ಮುಗಿಸಬೇಕು ಅಂದಾಗಲೂ ಇದೇ ಲೆಕ್ಕ ನೋಡಬೇಕು. ಟೈಲ್ಸ್ ಲಾರಿ ಒಂದು ವಾರ ಬೇಗ ತರಿಸಿದರೆ ಒಂದು ದಿನವೂ ಉಳಿಯುವುದಿಲ್ಲ. ಗೋಡೆಗೆ ಜನ ಜಾಸ್ತಿ ಹಾಕಿ 12 ದಿನವನ್ನು 8 ಮಾಡಿದರೆ 78 ಹೋಗಿ 74 ಆಗುತ್ತದೆ, ಆದರೆ ಅದರ ಜೊತೆಗೇ ಕಿಟಕಿಯ ಫ್ಲೋಟ್ 13ರಿಂದ 9ಕ್ಕೆ ಇಳಿಯುತ್ತದೆ. ಇದನ್ನು ಮರೆತವರು ಒಂದು ದಾರಿಯನ್ನು ಹಿಂಡುತ್ತಾ ಹಿಂಡುತ್ತಾ, ಪಕ್ಕದ ದಾರಿಯೇ ಕ್ರಿಟಿಕಲ್ ಆದದ್ದು ಗೊತ್ತಾಗದೆ ಇನ್ನೂ ದುಡ್ಡು ಸುರಿಯುತ್ತಿರುತ್ತಾರೆ. ಸೆಂಟ್ರಿಂಗ್ ಬಿಚ್ಚುವ 14 ದಿನ ಇದೆಯಲ್ಲ, ಅದಕ್ಕೆ ಮಾತ್ರ ಎಷ್ಟು ಜನ ಹಾಕಿದರೂ ಅಷ್ಟೇ. ಕಾಂಕ್ರೀಟ್ ಯಾರ ಮಾತೂ ಕೇಳುವುದಿಲ್ಲ, ಎಂಜಿನಿಯರ್ ಹೇಳಿದಷ್ಟು ದಿನ ಸೆಂಟ್ರಿಂಗ್ ಇರಲೇಬೇಕು.

ಸಾಫ್ಟ್‌ವೇರಿನಲ್ಲಿ ಮಾಡುವವರಿಗೆ ಎರಡು ಎಚ್ಚರಿಕೆ. ಪ್ರೈಮವೆರಾ ಆಗಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಆಗಲಿ, ತಾರೀಖನ್ನು ಕೈಯಾರೆ ಟೈಪ್ ಮಾಡಿದರೆ ಕೆಲಸ ಆ ತಾರೀಖಿಗೆ ಕಟ್ಟಿಹಾಕಿದಂತೆ ಆಗುತ್ತದೆ, ಹಿಂದಿನ ಕೆಲಸ ಬೇಗ ಮುಗಿದರೂ ಅದು ಹಿಂದಕ್ಕೆ ಸರಿಯುವುದಿಲ್ಲ. ದಿನ ಮತ್ತು ಗೆರೆ ಕೊಡಿ, ತಾರೀಖು ಅದೇ ಹಾಕಿಕೊಳ್ಳಲಿ. ಎರಡನೆಯದು ಕ್ಯಾಲೆಂಡರ್. ಗಾರೆಯವರಿಗೆ ವಾರಕ್ಕೆ ಆರು ದಿನ ಇರಬಹುದು, ಕಾಂಕ್ರೀಟಿಗೆ ರಜೆ ಇಲ್ಲ, ಅದು ಏಳು ದಿನವೂ ಗಟ್ಟಿಯಾಗುತ್ತಿರುತ್ತದೆ. ಎರಡಕ್ಕೂ ಒಂದೇ ಕ್ಯಾಲೆಂಡರ್ ಹಾಕಿದರೆ 14 ದಿನದ ಕಾಯುವಿಕೆ ಸುಳ್ಳುಸುಳ್ಳೇ 16 ಆಗುತ್ತದೆ.

ಮಹಡಿ ಮೇಲೆ ಮಹಡಿ ಇದ್ದರೆ

ಒಂದೇ ಥರದ ಮಹಡಿಗಳು, ಸಾಲು ಮನೆಗಳು, ಉದ್ದದ ರಸ್ತೆ, ಇಂಥ ಕಡೆ ಕ್ರಿಟಿಕಲ್ ಪಾತ್ ಒಂದೇ ಸಾಲದು. ಇಲ್ಲಿ ಲೈನ್ ಆಫ್ ಬ್ಯಾಲೆನ್ಸ್ ಅನ್ನುವ ಚಿತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಮಹಡಿಗಳು, ಒಂದೊಂದು ಗ್ಯಾಂಗಿಗೆ ಒಂದೊಂದು ಓರೆ ಗೆರೆ.

10 ಮಹಡಿ ಇದೆ. ಗೋಡೆಯವರಿಗೆ ಮಹಡಿಗೆ 6 ದಿನ, ಪ್ಲಾಸ್ಟರ್‌ನವರಿಗೆ 4 ದಿನ. ಮೊದಲ ಮಹಡಿ ಗೋಡೆ 6ನೇ ದಿನ ಮುಗಿಯಿತು ಅಂತ ಪ್ಲಾಸ್ಟರ್‌ನವರನ್ನು ಆಗಲೇ ಕರೆಸಿದರೆ ಏನಾಗುತ್ತದೆ? ಅವರು 10ಕ್ಕೆ ಮುಗಿಸಿ, ಎರಡನೇ ಮಹಡಿ ಗೋಡೆಗಾಗಿ 12ರವರೆಗೆ ಕೂರುತ್ತಾರೆ. ಪ್ರತಿ ಮಹಡಿಗೂ ಇದೇ ಕಥೆ, ಒಟ್ಟು 18 ದಿನ ಖಾಲಿ. ಹತ್ತನೇ ಮಹಡಿ ಗೋಡೆ 60ಕ್ಕೆ ಮುಗಿಯುವುದರಿಂದ ಪ್ಲಾಸ್ಟರ್ ಮುಗಿಯುವುದು 64ಕ್ಕೆ. ಅದೇ ಅವರನ್ನು 24ನೇ ದಿನ ಕರೆಸಿದ್ದರೆ? 40 ದಿನ ಬಿಡುವಿಲ್ಲದೆ ಮಾಡಿ ಅದೇ 64ಕ್ಕೆ ಮುಗಿಸುತ್ತಾರೆ. ಬೇಗ ಶುರು ಮಾಡಿ ಉಳಿಸಿದ್ದು ಸೊನ್ನೆ ದಿನ. ಜೊತೆಗೆ, ಖಾಲಿ ಕೂತ ಗ್ಯಾಂಗ್ ನಿಮಗಾಗಿ ಕಾಯುವುದಿಲ್ಲ, ಬೇರೆ ಸೈಟಿಗೆ ಹೋಗುತ್ತದೆ, ವಾಪಸ್ ಕರೆಸುವುದು ಇನ್ನೊಂದು ಕೆಲಸ. ಗೋಡೆಯಲ್ಲಿ ಏರುಪೇರು ಆಗುವುದು ಇದ್ದದ್ದೇ, ಹಾಗಾಗಿ ನಾನಾದರೆ 24ರ ಬದಲು 27ಕ್ಕೆ ಕರೆಸುತ್ತೇನೆ, ಕೊನೆಯಲ್ಲಿ ಮೂರು ದಿನ ಹೋದರೂ ಪರವಾಗಿಲ್ಲ. ಆಮೇಲೆ ಬರುವ ಗ್ಯಾಂಗ್ ಮುಂಚಿನದಕ್ಕಿಂತ ನಿಧಾನದ್ದಾದರೆ ಮಾತ್ರ ಲೆಕ್ಕ ತಿರುಗುಮುರುಗು, ಅವರನ್ನು ಆದಷ್ಟು ಬೇಗ ಇಳಿಸಬೇಕು.

ಲಯ ಅನ್ನುವುದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ನೋಡಿ. 1930ರ ಮಾರ್ಚ್ 17ಕ್ಕೆ ಕಟ್ಟಲು ಶುರು, 1931ರ ಮೇ 1ಕ್ಕೆ ಉದ್ಘಾಟನೆ, 102 ಮಹಡಿ. ಉಕ್ಕಿನ ಚೌಕಟ್ಟು ವಾರಕ್ಕೆ ಸುಮಾರು ನಾಲ್ಕೂವರೆ ಮಹಡಿಯಂತೆ ಏರಿತು. ಸಾಮಾನು ರಾಶಿ ಹಾಕಲು ಜಾಗವಿಲ್ಲದ ಕಾರಣ ಬೇಕಾದ ಹೊತ್ತಿಗೇ ಬರುವಂತೆ ಲಾರಿಗಳ ವೇಳೆ ಗೊತ್ತುಮಾಡಿದ್ದರು.

ಪ್ರತಿ ವಾರದ ಕೆಲಸ

ಇಷ್ಟಾದ ಮೇಲೆ ಮೊದಲ ಯೋಜನೆಯ ಒಂದು ಪ್ರತಿ ತೆಗೆದು ಮುಟ್ಟದೆ ಇಡಿ. ಇನ್ನೊಂದು ಪ್ರತಿಯಲ್ಲಿ ಪ್ರತಿ ವಾರ ನಿಜಸ್ಥಿತಿ ತುಂಬಿ. ತುಂಬುವಾಗ "ಎಷ್ಟು ಪರ್ಸೆಂಟ್ ಆಯಿತು" ಅಂತ ಕೇಳಬೇಡಿ, ಎಲ್ಲರೂ 90 ಅನ್ನುತ್ತಾರೆ, ಮುಂದಿನ ವಾರವೂ 90, ಅದರ ಮುಂದಿನ ವಾರವೂ 90. "ಇನ್ನೆಷ್ಟು ದಿನ ಬೇಕು" ಅಂತ ಕೇಳಿ. ಆ ಪ್ರಶ್ನೆಗೆ ಜನ ಯೋಚಿಸಿ ಉತ್ತರ ಕೊಡುತ್ತಾರೆ.

ಮುಂದಿನ ಆರು ವಾರದ ಕೆಲಸಗಳನ್ನು ಬೇರೆ ಹಾಳೆಗೆ ಇಳಿಸಿ, ಒಂದೊಂದರ ಮುಂದೆಯೂ ಡ್ರಾಯಿಂಗ್ ಇದೆಯಾ, ಸಾಮಾನು ಇದೆಯಾ, ಜನ ಇದ್ದಾರಾ, ಹಿಂದಿನ ಕೆಲಸ ಮುಗಿಯುತ್ತದಾ ಅಂತ ಗುರುತು ಹಾಕಿ. ಎಲ್ಲಕ್ಕೂ ಹೌದು ಅನ್ನುವ ಕೆಲಸ ಮಾತ್ರ ಮುಂದಿನ ವಾರದ ಪಟ್ಟಿಗೆ ಬರಬೇಕು. 1990ರ ದಶಕದಲ್ಲಿ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೋವೆಲ್ ರೂಪಿಸಿದ ಲಾಸ್ಟ್ ಪ್ಲಾನರ್ ಪದ್ಧತಿಯ ತಿರುಳು ಇದೇ. ಲಾಸ್ಟ್ ಪ್ಲಾನರ್ ಅಂದರೆ ನಾಳೆ ಇದನ್ನು ಮಾಡುತ್ತೇನೆ ಅಂತ ಹೇಳುವ ಕೊನೆಯ ಮನುಷ್ಯ, ಅಂದರೆ ನಮ್ಮ ಮೇಸ್ತ್ರಿ. ವಾರದ ಕೊನೆಗೆ ಎಣಿಸಿ. 10 ಕೆಲಸಕ್ಕೆ ಮಾತು ಕೊಟ್ಟು 7 ಮುಗಿಸಿದರೆ 70 ಪರ್ಸೆಂಟ್. ಅರ್ಧ ಆಗಿದ್ದಕ್ಕೆ ಅರ್ಧ ಅಂಕ ಇಲ್ಲ.

ಉಳಿದ ಮೂರರ ಮುಂದೆ ಒಂದು ಖಾಲಿ ಜಾಗ ಬಿಟ್ಟಿರಬೇಕು, ಯಾಕೆ ಆಗಲಿಲ್ಲ ಅಂತ ಬರೆಯಲು. ಅಲ್ಲಿ ಹೆಸರು ಬರೆಯಬೇಡಿ, ಕಾರಣ ಬರೆಯಿರಿ. ಹೆಸರು ಬರೆದರೆ ಮುಂದಿನ ವಾರದಿಂದ ಯಾರೂ ನಿಜ ಹೇಳುವುದಿಲ್ಲ. ನಾಲ್ಕು ವಾರದ ಹಾಳೆ ಪಕ್ಕಪಕ್ಕ ಇಟ್ಟಾಗ "ಚೌಕಟ್ಟು ಬಂದಿಲ್ಲ" ಅಂತ ಮೂರು ಸಲ ಕಂಡರೆ, ಯಾರಿಗೆ ಫೋನ್ ಮಾಡಬೇಕು ಅಂತ ನಿಮಗೇ ಗೊತ್ತಾಗುತ್ತದೆ.