ಮ್ಯಾಗ್‌ಪೈಸ್ ಮ್ಯಾಚು ತೋರಿಸಿ ನೆಟ್‌ಬಾಲ್ ಕಲಿಸಿದ್ದು

ಮೆಲ್ಬರ್ನ್‌ನಲ್ಲಿ ನಮ್ಮ ಏರಿಯಾದ ಕ್ಲಬ್ಬಿನ ಹುಡುಗಿಯರಿಗೆ ನಾನು ನೆಟ್‌ಬಾಲ್ ಕೋಚ್. ಬಾಸ್ಕೆಟ್‌ಬಾಲಿನ ಹಾಗೇ ಚೆಂಡನ್ನು ಎತ್ತರದ ಬಳೆಗೆ ಹಾಕುವ ಆಟ ಇದು. ಸಂಬಳ ಏನಿಲ್ಲ, ಇಲ್ಲಿ ಮಕ್ಕಳ ಅಮ್ಮಂದಿರೇ ಈ ಕೆಲಸಕ್ಕೆ ನಿಲ್ಲುತ್ತಾರೆ. ಶಿವಮೊಗ್ಗದಲ್ಲಿ ಓದುವಾಗ ನಾನು ಆಡಿದ್ದು ಥ್ರೋಬಾಲ್. ಅಲ್ಲೂ ಚೆಂಡು ಹಿಡಿದ 3 ಸೆಕೆಂಡಿನೊಳಗೆ ಎಸೆಯಬೇಕು, ಇಲ್ಲೂ ಅಷ್ಟೇ, ಹಾಗಾಗಿ ಕೈಗೆ ಆಟ ಬೇಗ ಹತ್ತಿತು. ಕಾಲಿನದೇ ಕಷ್ಟ. ಚೆಂಡು ಹಿಡಿದು ಓಡುವ ಹಾಗಿಲ್ಲ, ಬಾಸ್ಕೆಟ್‌ಬಾಲಿನ ಥರ ನೆಲಕ್ಕೆ ಬಡಿಯುತ್ತಾ ಹೋಗುವ ಹಾಗೂ ಇಲ್ಲ, ಮೊದಲು ಊರಿದ ಕಾಲನ್ನು ಎತ್ತಿದರೆ ಅದು ಮತ್ತೆ ನೆಲ ಮುಟ್ಟುವ ಮೊದಲೇ ಚೆಂಡು ಕೈಬಿಟ್ಟಿರಬೇಕು.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಮಕ್ಕಳ ತಲೆಗೆ ಹೋಗೋದಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಸೂಪರ್ ನೆಟ್‌ಬಾಲ್ ಲೀಗ್ ಶುರುವಾಯಿತಲ್ಲ, ಆಗ ಹೊಸ ತಂಡ ಕಾಲಿಂಗ್‌ವುಡ್ ಮ್ಯಾಗ್‌ಪೈಸ್‌ನ ಮ್ಯಾಚುಗಳನ್ನೇ ಪಾಠ ಮಾಡಿಕೊಂಡೆ. ನೋಡೋದಕ್ಕೆ ಒಬ್ಬೊಬ್ಬಳಿಗೆ ಒಂದೊಂದು ಬಿಬ್ ಹಂಚುತ್ತಿದ್ದೆ; ಬಿಬ್ ಅಂದರೆ ಆಟಗಾರ್ತಿ ಯಾವ ಜಾಗದಲ್ಲಿ ಆಡುತ್ತಾಳೆ ಅಂತ ಅಕ್ಷರ ಬರೆದ ಎದೆಪಟ್ಟಿ. ‘ನೀನು ಇವತ್ತು ವಿಂಗ್ ಡಿಫೆನ್ಸ್ ಆಡುವವಳನ್ನು ಮಾತ್ರ ನೋಡು ಪುಟ್ಟಿ, ಚೆಂಡು ಎಲ್ಲಿಗಾದರೂ ಹೋಗಲಿ.’ ಮುಂದಿನ ಪ್ರಾಕ್ಟೀಸಿನಲ್ಲಿ ಅವಳು ಬಂದು ಹೇಳಬೇಕು: ಚೆಂಡು ದೂರ ಇದ್ದಾಗ ಆಟಗಾರ್ತಿ ಎಲ್ಲಿ ನಿಂತಿದ್ದಳು, ಯಾವಾಗ ಓಡಿದಳು. ಮ್ಯಾಗ್‌ಪೈಸ್‌ನಲ್ಲಿ ಆ ಜಾಗ ಆಡುತ್ತಿದ್ದ ಆ್ಯಶ್ ಬ್ರ್ಯಾಜಿಲ್ ಅವರನ್ನು ಹೀಗೆ ನೋಡಿದ ಹುಡುಗಿಯರು ಪಾಸ್ ಬರುವ ದಾರಿಯನ್ನು ಮೊದಲೇ ಊಹಿಸಿ ಹೆಜ್ಜೆ ಹಾಕುವುದನ್ನು ಕಲಿತರು. 2019ರಲ್ಲಿ ಇಂಗ್ಲೆಂಡಿನ ಗೀವಾ ಮೆಂಟರ್ ಈ ತಂಡಕ್ಕೆ ಬಂದಮೇಲೆ ನಮ್ಮ ಗೋಲ್ ಕೀಪರ್‌ಗಳಿಗೆ ಹಬ್ಬ. ಗೋಲಿಗೆ ಚೆಂಡು ಎಸೆಯುವವಳಿಂದ 3 ಅಡಿ ದೂರ ನಿಂತು, ಕೈ ಎತ್ತಿ, ಮೈ ತಾಗಿಸದೆ ತಡೆಯೋದು ಹೇಗೆ ಅಂತ ಅವರನ್ನು ನೋಡಿಯೇ ಕಲಿಯಬೇಕು. ಮೈದಾನದಲ್ಲಿ ನಾನು ಸೀಮೆಸುಣ್ಣದಲ್ಲಿ 3 ಅಡಿಯ ಗೆರೆ ಎಳೆದು ಅದನ್ನೇ ಮಾಡಿಸುತ್ತಿದ್ದೆ, ಉಳಿದವರೆಲ್ಲ ಜೋರಾಗಿ ಒಂದು, ಎರಡು, ಮೂರು ಎಣಿಸೋರು.

ಮ್ಯಾಗ್‌ಪೈಸ್ ತಂಡ ಕಟ್ಟಿದ ಜೋರು ನೋಡಬೇಕಿತ್ತು. ಶಾರ್ನಿ ಲೇಟನ್, ಮ್ಯಾಡಿ ರಾಬಿನ್ಸನ್, ಕಿಮ್ ರವೈಲಿಯನ್, ಕೇಟ್ಲಿನ್ ಥ್ವೇಟ್ಸ್, ಎಲ್ಲ ಆಸ್ಟ್ರೇಲಿಯಾಕ್ಕೆ ಆಡಿದವರೇ. ಹಿಂದೆ ನಿಂತಿದ್ದು 1892ರಲ್ಲಿ ಹುಟ್ಟಿದ ಕಾಲಿಂಗ್‌ವುಡ್ ಅನ್ನೋ ದೊಡ್ಡ ಫುಟ್‌ಬಾಲ್ ಕ್ಲಬ್ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಸಾಕರ್ ಅಲ್ಲ). ಮೊದಲ ವರ್ಷವೇ ಮೇಲಿನ ನಾಲ್ಕು ತಂಡಗಳೊಳಗೆ ಬಂದರು. ಆಮೇಲೂ ಬಂದರು. ಆದರೆ ಫೈನಲ್ ಮಾತ್ರ ಒಂದು ಸಲವೂ ಆಡಲಿಲ್ಲ. ಅದೇ ವರ್ಷ ಶುರುವಾದ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸನ್‌ಶೈನ್ ಕೋಸ್ಟ್ ಲೈಟ್ನಿಂಗ್ 2017, 2018 ಎರಡೂ ಸಲ ಕಪ್ ಗೆದ್ದಿತು.

ಸ್ಟಾರ್‌ಗಳು ಅಲ್ಲೂ ಇದ್ದರು. ವ್ಯತ್ಯಾಸ ಊರಿನದು ಅಂತ ನನಗನ್ನಿಸೋದು. ಸನ್‌ಶೈನ್ ಕೋಸ್ಟಿನವರಿಗೆ ಅದೊಂದೇ ತಂಡ, ಅದೇ ನಮ್ಮದು. ಮೆಲ್ಬರ್ನ್‌ನಲ್ಲಿ 2008ರಿಂದಲೇ ವಿಕ್ಸೆನ್ಸ್ ಅನ್ನೋ ನೆಟ್‌ಬಾಲ್ ತಂಡ ಇತ್ತು, 2009, 2014ರಲ್ಲಿ ಕಪ್ ಗೆದ್ದಿತ್ತು, ನಮ್ಮ ಕ್ಲಬ್ಬಿನ ಅರ್ಧಕ್ಕರ್ಧ ಮಕ್ಕಳ ಅಕ್ಕಂದಿರು ಆ ತಂಡದ ಟೀ ಶರ್ಟ್ ಹಾಕಿಕೊಂಡೇ ಬೆಳೆದವರು. ಅವರಲ್ಲಿ ಯಾರಿಗೂ ತಂಡ ಬದಲಿಸಲು ಕಾರಣ ಇರಲಿಲ್ಲ. ಫುಟ್‌ಬಾಲಿಗೆ ಪ್ರಾಣ ಬಿಡುವ ಕಾಲಿಂಗ್‌ವುಡ್ ಅಭಿಮಾನಿ ನೆಟ್‌ಬಾಲಿಗೂ ಬಂದು ಕೂರುತ್ತಾನೆ ಅನ್ನೋದು ದೂರದ ಮಾತು. ಅಲ್ವಾ? 2020ರಲ್ಲಿ ಕೋವಿಡ್ ಕಾರಣಕ್ಕೆ ಇಡೀ ಸೀಸನ್ ಕ್ವೀನ್ಸ್‌ಲ್ಯಾಂಡಿಗೆ ಹೋಯಿತು. ಆಗಷ್ಟೇ ಒಗ್ಗುತ್ತಿದ್ದ ಮಕ್ಕಳಿಗೆ ಟಿವಿ ಒಂದೇ ಗತಿಯಾಯಿತು. ಅದು ಮ್ಯಾಗ್‌ಪೈಸ್‌ನಂಥ ಹೊಸ ತಂಡಕ್ಕೆ ಜಾಸ್ತಿ ಹೊಡೆತ.

2023ರ ಸೀಸನ್ ನಡುವೆಯೇ ಕಾಲಿಂಗ್‌ವುಡ್ ಕ್ಲಬ್ ಹೇಳಿತು, ನೆಟ್‌ಬಾಲ್ ತಂಡಕ್ಕೆ ಇದೇ ಕೊನೆ ಅಂತ. ಮನೆ ಖಾಲಿ ಮಾಡಬೇಕು ಅಂತ ಗೊತ್ತಿದ್ದೂ ದಿನಾ ಗುಡಿಸಿ ಸಾರಿಸಿದ ಹಾಗೆ ಆ ಆಟಗಾರ್ತಿಯರು ಉಳಿದ ಮ್ಯಾಚುಗಳನ್ನು ಆಡಿದರು. ಅದನ್ನು ನಾನು ಮಕ್ಕಳಿಗೆ ಬಿಡದೆ ತೋರಿಸಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಗಂಡಸರ ಫುಟ್‌ಬಾಲ್ ತಂಡ ಕಪ್ ಗೆದ್ದು ಊರೆಲ್ಲ ಕುಣಿಯಿತು. ನನಗೆ ಹೊಟ್ಟೆ ಉರಿಯಿತು, ಅದನ್ನು ಮುಚ್ಚಿಡೋದಿಲ್ಲ.

‘ಆಂಟಿ, ಇನ್ನು ಯಾರನ್ನು ನೋಡೋದು?’ ಅಂತ ನಮ್ಮ ಕನ್ನಡದ ಹುಡುಗಿಯೊಬ್ಬಳು ಕೇಳಿದಳು. ಬಣ್ಣ ಬಿಡು, ಬಿಬ್ ನೋಡು ಅಂದೆ. 2024ರಲ್ಲಿ ಆ ಜಾಗಕ್ಕೆ ಮೆಲ್ಬರ್ನ್ ಮ್ಯಾವರಿಕ್ಸ್ ಬಂತು. ಈಗ ವಿಕ್ಸೆನ್ಸ್ ಮತ್ತು ಮ್ಯಾವರಿಕ್ಸ್ ಎದುರುಬದುರಾಗುವ ಮ್ಯಾಚಿಗೇ ಎಲ್ಲರನ್ನೂ ಕರೆದುಕೊಂಡು ಹೋಗುತ್ತೇನೆ. ಒಂದೇ ಟಿಕೆಟ್ಟಿನಲ್ಲಿ ಇಬ್ಬರು ವಿಂಗ್ ಡಿಫೆನ್ಸ್ ನೋಡಲು ಸಿಗುತ್ತಾರೆ.